ಶಿರಸಂಗಿಯ ದತ್ತಿ: ಮನೆತನದ ಆಸ್ತಿಯೂ ಸಮಾಜದ ಅಧಿಕಾರವೂ

ಸಿರಿವಂತ ಮನೆತನವೊಂದು ತನ್ನ ಆಸ್ತಿಯನ್ನು ಲೋಕೋಪಕಾರಕ್ಕೆಂದು ಕಟ್ಟಿಡುವ ಪದ್ಧತಿಯು ಕನ್ನಡನಾಡಿಗೆ ಹೊಸದಲ್ಲ. ಬಸವಕಲ್ಯಾಣಕ್ಕೆ ಸಮೀಪವಾದ ನಾರಾಯಣಪುರದಲ್ಲಿ ಚಾಲುಕ್ಯರ ಕಾಲದ ಶಿವಾಲಯವೊಂದು ಇಂದಿಗೂ ನಿಂತಿದೆ. ಆ ಕಾಲದ ಇಂತಹ ದೇವಾಲಯಗಳು ನಡೆದುಬಂದುದು ಅರಸರೂ ದಂಡನಾಯಕರೂ ಸೆಟ್ಟಿಗಳೂ ಬಿಟ್ಟ ದತ್ತಿಗಳಿಂದ. ಭೂಮಿಯ ಎಲ್ಲೆಗಳನ್ನು ಹೇಳಿ, ಆಚಾರ್ಯನ ಕಾಲನ್ನು ತೊಳೆದು ಧಾರಾಪೂರ್ವಕವಾಗಿ ಕೊಟ್ಟು, ಚಂದ್ರಸೂರ್ಯರಿರುವವರೆಗೆ ಈ ಧರ್ಮವು ನಡೆಯತಕ್ಕುದೆಂದು ಕಲ್ಲಿನಲ್ಲಿ ಕಂಡರಿಸುತ್ತಿದ್ದರು. ಪೂಜೆಯೊಡನೆ ಅನ್ನಸತ್ರಕ್ಕೂ, ಓದುವ ಮಾಣಿಗಳ ಗ್ರಾಸಕ್ಕೂ, ಓದಿಸುವ ಉಪಾಧ್ಯಾಯರ ಜೀವಿತಕ್ಕೂ ಭೂಮಿ ಸಲ್ಲುತ್ತಿದ್ದಿತು. ದಾನವು ಪುಣ್ಯಕಾರ್ಯವಾಗಿರುವಂತೆಯೇ ರಾಜಕಾರ್ಯವೂ ಆಗಿದ್ದಿತು. ಕೊಟ್ಟವನ ಹೆಸರೂ ಅಧಿಕಾರವೂ ಆ ನೆಲದಲ್ಲಿ ಬೇರೂರುತ್ತಿದ್ದುವು. ಈ ಹಳೆಯ ದತ್ತಿಯು ಇಪ್ಪತ್ತನೆಯ ಶತಮಾನದಲ್ಲಿ ಯಾವ ರೂಪವನ್ನು ತಾಳಿತು, ಅದರಿಂದ ಯಾವ ಬಗೆಯ ಅಧಿಕಾರವು ಹುಟ್ಟಿತು ಎಂಬುದನ್ನು ತಿಳಿಯಲು ಬೆಳಗಾವಿ ಸೀಮೆಯ ಶಿರಸಂಗಿಯ ದೇಸಗತಿಯು ತಕ್ಕ ಉದಾಹರಣೆಯಾಗಿದೆ.

ಮೊದಲು ದೇಸಗತಿಯೆಂದರೆ ಏನೆಂಬುದನ್ನು ನೋಡೋಣ. ದೇಸಾಯಿಯು ಪರಗಣೆಯ ಕಂದಾಯವನ್ನು ಕೂಡಿಸಿ ಸರ್ಕಾರಕ್ಕೆ ಮುಟ್ಟಿಸುವ ವಂಶಪಾರಂಪರ್ಯದ ಅಧಿಕಾರಿ. ಈ ಸೇವೆಗಾಗಿ ಅವನಿಗೆ ಭೂಮಿಯೂ ಹಕ್ಕುಗಳೂ ವತನವಾಗಿ ದೊರೆಯುತ್ತಿದ್ದುವು. ಬ್ರಿಟಿಷರ ಆಳಿಕೆಯಲ್ಲಿ ಕಂದಾಯವನ್ನು ಸರ್ಕಾರದ ನೌಕರರೇ ಎತ್ತತೊಡಗಲು ಸೇವೆಯು ಹೋಯಿತು, ವತನವು ಉಳಿಯಿತು. 1864ರ ಸುಮಾರಿನಲ್ಲಿ ಗಾರ್ಡನ್ ಎಂಬ ಅಧಿಕಾರಿಯ ಹೆಸರಿನ ಒಪ್ಪಂದದಂತೆ ದಕ್ಷಿಣ ಮಹಾರಾಷ್ಟ್ರ ಪ್ರಾಂತವೆನಿಸಿಕೊಂಡಿದ್ದ ಈ ಭಾಗದ ದೇಸಾಯಿ ದೇಶಪಾಂಡೆಗಳು ಸೇವೆಯಿಂದ ಬಿಡುಗಡೆ ಹೊಂದಿ, ಅದಕ್ಕೆ ಪ್ರತಿಯಾಗಿ ಜೂಡಿಯನ್ನು ಕೊಟ್ಟು ವತನವನ್ನು ಅನುಭವಿಸುವಂತಾಯಿತು. ಹೀಗೆ ಕೆಲಸವಿಲ್ಲದ ಸಂಪತ್ತೊಂದು ನಿರ್ಮಾಣವಾಯಿತು. ಅದನ್ನು ಮುಂದೆ ಯಾರು ಅನುಭವಿಸಬೇಕೆಂಬುದು ಕೇವಲ ಮನೆಯ ಪ್ರಶ್ನೆಯಾಗಿರಲಿಲ್ಲ. ದತ್ತಕಕ್ಕೆ ಸರ್ಕಾರವು ಒಪ್ಪಿಗೆಯನ್ನು ಕೊಡದುದೇ 1858ರಲ್ಲಿ ನರಗುಂದದ ಬಾಬಾಸಾಹೇಬನು ದಂಗೆಯೇಳಲು ಮುಖ್ಯ ಕಾರಣವಾಯಿತೆಂಬುದು ಸರ್ವವಿದಿತ.

ಆ ನರಗುಂದಕ್ಕೆ ನೆರೆಯದಾದ ನವಲಗುಂದವೂ, ಸವದತ್ತಿ ತಾಲ್ಲೂಕಿನ ಶಿರಸಂಗಿಯೂ ಒಂದೇ ದೇಸಾಯಿ ಮನೆತನದ ಎರಡು ಠಾಣ್ಯಗಳು. 1861ರಲ್ಲಿ ಶಿಗ್ಲಿಯಲ್ಲಿ ಜನಿಸಿದ ಬಾಲಕನೊಬ್ಬನು ಈ ಮನೆತನಕ್ಕೆ ದತ್ತಕನಾಗಿ ಬಂದು ಲಿಂಗರಾಜ ದೇಸಾಯಿಯೆನಿಸಿಕೊಂಡನು. ಹಾನಗಲ್ಲ ಕುಮಾರ ಸ್ವಾಮಿಗಳ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯ ಪ್ರಥಮಾಧಿವೇಶನವು ನೆರೆದಾಗ ಈ ಲಿಂಗರಾಜರೇ ಅಧ್ಯಕ್ಷರಾದರು. 1906ರಲ್ಲಿ ಅವರು ತೀರಿಕೊಂಡರು. ತಮ್ಮ ಸಂಸ್ಥಾನದ ಆಸ್ತಿಯನ್ನು ಒಬ್ಬ ಉತ್ತರಾಧಿಕಾರಿಯ ಭೋಗಕ್ಕೆ ಬಿಡದೆ, ಲಿಂಗಾಯತ ಸಮಾಜದ ಬಡಮಕ್ಕಳ ವಿದ್ಯೆಗಾಗಿ ಅವರು ಮೃತ್ಯುಪತ್ರದ ಮೂಲಕ ಮೀಸಲಿಟ್ಟಿದ್ದರು. ಅದರಿಂದ ಹುಟ್ಟಿದುದೇ ನವಲಗುಂದ–ಶಿರಸಂಗಿ ಟ್ರಸ್ಟು. ಜನರು ಅವರನ್ನು ತ್ಯಾಗವೀರರೆಂದು ಕರೆದರು. ಕಾರ್ನೆಗಿಯ ನಿಧಿಯು 1911ರಲ್ಲಿಯೂ ರಾಕ್‌ಫೆಲರನದು 1913ರಲ್ಲಿಯೂ ಅಮೆರಿಕದಲ್ಲಿ ಸ್ಥಾಪಿತವಾದುವೆಂಬುದನ್ನು ನೆನೆದರೆ, ಲಿಂಗರಾಜರ ಸಂಕಲ್ಪವು ಪರದೇಶದ ಈ ಪ್ರಸಿದ್ಧ ನಿಧಿಗಳಿಗಿಂತ ಮೊದಲಿನದೆಂಬುದು ವ್ಯಕ್ತವಾಗುವುದು.

ದೇವಾಲಯವನ್ನು ಕಟ್ಟದೆ, ಮಠಕ್ಕೆ ಉಂಬಳಿಯನ್ನು ಬಿಡದೆ, ವಿದ್ಯೆಗೇ ಏಕೆ ಕೊಟ್ಟರು? ಇದರಲ್ಲಿಯೇ ಈ ದಾನದ ರಾಜಕೀಯ ಅರ್ಥವು ಅಡಗಿದೆ. ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳಲ್ಲಿ ಲಿಂಗಾಯತರ ಕೈಯಲ್ಲಿ ಒಕ್ಕಲುತನವಿದ್ದಿತು, ವ್ಯಾಪಾರವಿದ್ದಿತು. ಆದರೆ ಕಚೇರಿಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ಅವರು ವಿರಳವಾಗಿದ್ದರು. ಅಲ್ಲಿಗೆ ಹೋಗುವ ದಾರಿಯು ಇಂಗ್ಲಿಷ್ ಶಾಲೆಯ ಮುಖಾಂತರವಾಗಿಯೇ ಇದ್ದಿತು. ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ಧಪ್ಪನವರೂ 1883ರಲ್ಲಿಯೇ ಧಾರವಾಡದಲ್ಲಿ ಲಿಂಗಾಯತ ವಿದ್ಯಾನಿಧಿಯನ್ನು ಆರಂಭಿಸಿದ್ದರು. ಕೊಲ್ಲಾಪುರದ ಶಾಹು ಮಹಾರಾಜರು 1902ರಲ್ಲಿ ತಮ್ಮ ಸಂಸ್ಥಾನದ ಹುದ್ದೆಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಹುದ್ದೆಯು ಮೀಸಲಾದರೂ ಓದಿದವನಿಲ್ಲದಿದ್ದರೆ ಅದು ಬರಿದಾಗಿಯೇ ಉಳಿಯುವುದು. 1919ರ ಸುಧಾರಣೆಗಳು ಬಂದ ಮೇಲೆ ಕಂದಾಯ ತೆರುವವರಿಗೆ ಮತಾಧಿಕಾರವು ವಿಸ್ತರಿಸಿತು. ಭೂಮಿಯಿದ್ದವರಿಗೆ ಮತವು ಬಂದಿತು. ಆ ಮತವನ್ನು ಶಾಸನಸಭೆಯಲ್ಲಿ ಮಾತನ್ನಾಗಿ ಮಾಡಬಲ್ಲ ವಿದ್ಯಾವಂತರು ಬೇಕಾದರು. ವಿದ್ಯಾರ್ಥಿವೇತನವು ಯಾವ ಪಕ್ಷಕ್ಕೂ ಕೊಟ್ಟ ಹಣವಲ್ಲ. ಆದರೂ ಪಕ್ಷಗಳು ಯಾರನ್ನು ಆಶ್ರಯಿಸಬೇಕಾಗುವುದೋ ಅಂತಹ ಜನರನ್ನು ಅದು ನಿರ್ಮಿಸಿತು.

ಶಾಸನಕಾಲದ ದತ್ತಿಗೂ ಈ ಟ್ರಸ್ಟಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. ಹಳೆಯ ದತ್ತಿಯನ್ನು ಕಾಯುತ್ತಿದ್ದುದು ಶಾಪ: ಅಳಿದವನು ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಭಯ. ಟ್ರಸ್ಟನ್ನು ಕಾಯುವುದು ಕಾಯಿದೆ. ಅಲ್ಲಿ ಆಸ್ತಿಯು ಧರ್ಮದರ್ಶಿಗಳ ಹೆಸರಿನಲ್ಲಿರುವುದು, ಫಲವು ಬೇರೊಬ್ಬರದು. ಲೆಕ್ಕವನ್ನು ಕೇಳುವ ಅಧಿಕಾರವು ನ್ಯಾಯಾಲಯಕ್ಕುಂಟು. ಅಳಿಯುವವನಿಗೆ ಪರಲೋಕದಲ್ಲಿ ದೊರೆಯುತ್ತಿದ್ದ ಶಿಕ್ಷೆಯು ಈ ಲೋಕಕ್ಕೆ ಇಳಿದು ಬಂದಿತೆನ್ನಬಹುದು.

ಇದರ ಪರಿಣಾಮವೇನು? 1916ರಲ್ಲಿ ಶಿ. ಶಿ. ಬಸವನಾಳ, ಎಂ. ಆರ್. ಸಾಖರೆ ಮೊದಲಾದ ಏಳು ಮಂದಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸಾಯಿಟಿಯನ್ನು ಸ್ಥಾಪಿಸಿದರು. ಅದರ ಮೊದಲ ಕಾಲೇಜು 1933ರಲ್ಲಿ ಆರಂಭವಾಗಿ ಲಿಂಗರಾಜರ ಹೆಸರನ್ನೇ ಧರಿಸಿತು. 1930ರ ದಶಕದಲ್ಲಿ ಸರ್ ಸಿದ್ದಪ್ಪ ಕಂಬಳಿಯವರು ಮುಂಬಯಿ ಸರ್ಕಾರದ ವಿದ್ಯಾಮಂತ್ರಿಗಳಾಗಿದ್ದರು. 1956ರ ಏಕೀಕರಣದಿಂದ 1971ರ ವರೆಗೆ ರಾಜ್ಯದ ಮುಖ್ಯಮಂತ್ರಿಗಳಾದವರೆಲ್ಲರೂ ಈ ಸಮಾಜದವರೇ. ಇದೆಲ್ಲವೂ ಒಂದು ಟ್ರಸ್ಟಿನ ಫಲವೆಂದರೆ ಅತ್ಯುಕ್ತಿಯಾದೀತು. ಜನಸಂಖ್ಯೆ, ಭೂಮಿ, ಮಠಗಳು, ಸ್ವಾತಂತ್ರ್ಯದ ಹೋರಾಟ ಎಲ್ಲವೂ ಕಾರಣಗಳೇ. ಆದರೆ ಸಂಖ್ಯಾಬಲವು ಅಧಿಕಾರವಾಗಿ ಪರಿಣಮಿಸಲು ನಡುವೆ ಶಾಲೆಯೊಂದು ಬೇಕಾಗುತ್ತದೆ.

ಅದಿಲ್ಲದ ಕಡೆಯ ಸ್ಥಿತಿಯನ್ನು ಕಾಣಲು ಮತ್ತೆ ನಾರಾಯಣಪುರದ ಸೀಮೆಗೆ ಬರಬೇಕು. 1948ರ ವರೆಗೆ ಬೀದರ ಜಿಲ್ಲೆಯು ನಿಜಾಮರ ಆಳಿಕೆಯಲ್ಲಿದ್ದಿತು, ರಾಜಭಾಷೆ ಉರ್ದು. ಕನ್ನಡ ವಿದ್ಯೆಯ ಭಾರವನ್ನು ಇಲ್ಲಿ ಹೊತ್ತುದು ದೇಸಗತಿಯ ನಿಧಿಯಲ್ಲ, ಭಿಕ್ಷೆಯಿಂದ ನಡೆಯುವ ಮಠ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಆ ಭಾಗದಲ್ಲಿ ಇಂದಿಗೂ ಜನರು ಹೇಳುತ್ತಾರೆ. ಹಣವಿದ್ದಲ್ಲಿ ಕಾಯಿದೆಯ ಆಶ್ರಯ, ಇಲ್ಲದಲ್ಲಿ ಫಲಕದ ಆಶ್ರಯ.

ಕೊನೆಯದಾಗಿ ಒಂದು ವಿಚಾರ. ಶಿರಸಂಗಿಯ ಆದಾಯವು ಹೊಲವನ್ನುತ್ತ ಎಲ್ಲ ಜಾತಿಯ ಒಕ್ಕಲುಗಳ ಬೆವರಿನಿಂದ ಬಂದುದು. ಮೃತ್ಯುಪತ್ರವು ಹೆಸರಿಸಿದುದು ಒಂದು ಸಮಾಜವನ್ನು. ಬಸವಣ್ಣನವರ ಕಲ್ಯಾಣದಲ್ಲಿ ದಾಸೋಹವು ಕುಲವನ್ನು ಕೇಳುತ್ತಿರಲಿಲ್ಲ. ಆದರೆ ಜಾತಿಯ ಲೆಕ್ಕದಲ್ಲಿಯೇ ಹುದ್ದೆಯನ್ನೂ ಪ್ರಾತಿನಿಧ್ಯವನ್ನೂ ಬೇಡುತ್ತಿದ್ದ ಕಾಲದಲ್ಲಿ ಸಮಾಜವೇ ದಾನದ ಎಲ್ಲೆಯಾಯಿತು. ಲಿಂಗರಾಜರ ತ್ಯಾಗವು ಇದರಿಂದ ಕಿರಿದಾಗದು: ಆಸ್ತಿಯು ಮನೆತನದ ಹೊಸ್ತಿಲನ್ನು ದಾಟಬಲ್ಲುದೆಂದು ಅವರು ತೋರಿಸಿದರು. ಜಾತಿಯ ಹೊಸ್ತಿಲನ್ನು ದಾಟಿಸುವ ಕೆಲಸವು ಅವರ ಅನಂತರದವರಿಗೆ ಸೇರಿದುದು. ಯಾವ ನಿಧಿಯನ್ನು ತೂಗುವಾಗಲೂ ಕೊಟ್ಟವನ ಔದಾರ್ಯದೊಡನೆ, ಅದರ ಫಲವು ಯಾರ ಅಂಗಳದ ವರೆಗೆ ಮುಟ್ಟಿತೆಂಬುದನ್ನೂ ಕೇಳತಕ್ಕುದು.