ಔಟ್‌ಡೋರ್ ಯೂನಿಟ್ ಇಲ್ಲದ ಎಸಿ: ನೀರಿನ ಲೆಕ್ಕ ತಿಳಿದೇ ಕೊಳ್ಳಿ

ಹಳೆಯ ಊರುಗಳ ಕಟ್ಟಡಗಳ ಮುಂಭಾಗದಲ್ಲಿ ಎಸಿ ಪೆಟ್ಟಿಗೆ ತೂಗುಹಾಕಲು ಇಟಲಿಯ ಎಷ್ಟೋ ಪುರಸಭೆಗಳು ಬಿಡುವುದಿಲ್ಲ. ಹಾಗಾಗಿ ಅಲ್ಲಿ ನೀರಿನಿಂದ ತಂಪಾಗುವ ಒಂದು ಬಗೆಯ ಎಸಿ ಬಳಕೆಗೆ ಬಂತು. ಅದರಲ್ಲಿ ಹೊರಗೆ ಏನೂ ಇರುವುದಿಲ್ಲ. ಕಂಪ್ರೆಸರ್ ಮನೆಯೊಳಗೇ ಇರುತ್ತದೆ, ಕೋಣೆಯ ಬಿಸಿಯನ್ನು ನಲ್ಲಿ ನೀರು ಹೊತ್ತುಕೊಂಡು ಚರಂಡಿಗೆ ಹೋಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಔಟ್‌ಡೋರ್ ಯೂನಿಟ್ ಇಡಲು ಜಾಗವಿಲ್ಲದವರು, ಹೊರಗೋಡೆ ಮುಟ್ಟಬಾರದೆಂದು ಸಂಘದಿಂದ ಹೇಳಿಸಿಕೊಂಡವರು ಇಂಥ ಎಸಿಯ ಬಗ್ಗೆ ವಿಚಾರಿಸುವುದು ಸಹಜ. ಅದರ ಸುತ್ತ ಹರಡಿರುವ ತಪ್ಪು ತಿಳಿವಳಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ನೀರು ಹಾಕುವುದಾದರೆ ಇದೂ ಒಂದು ಏರ್ ಕೂಲರ್.

ಅಲ್ಲ. ಕೂಲರ್ ನೀರನ್ನು ಕೋಣೆಯ ಗಾಳಿಯಲ್ಲೇ ಆವಿ ಮಾಡುತ್ತದೆ. ಗಾಳಿ ತಣ್ಣಗಾಗುತ್ತದೆ, ಜೊತೆಗೆ ತೇವವೂ ಏರುತ್ತದೆ. ಕಲಬುರಗಿ, ರಾಯಚೂರಿನ ಒಣಬಿಸಿಲಿಗೆ ಅದು ಒಳ್ಳೆಯ ಸಾಧನ. ಮಂಗಳೂರಿನಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಅದರಿಂದ ಪ್ರಯೋಜನ ಕಡಿಮೆ. ನೀರಿನ ಎಸಿಯಲ್ಲಿ ಕೋಣೆಯ ಗಾಳಿಗೂ ನೀರಿಗೂ ಸಂಪರ್ಕವೇ ಇಲ್ಲ. ಮಾಮೂಲಿ ಎಸಿಯಂತೆ ಗ್ಯಾಸ್, ಕಂಪ್ರೆಸರ್ ಎಲ್ಲ ಇರುತ್ತವೆ. ಬಿಸಿಯನ್ನು ಹೊರಗಿನ ಗಾಳಿಗೆ ಬಿಡುವ ಬದಲು ಪೈಪಿನೊಳಗೆ ಹರಿಯುವ ನೀರಿಗೆ ಬಿಡುತ್ತದೆ, ಅಷ್ಟೇ.

ತಪ್ಪು ಕಲ್ಪನೆ: ಇದು ಹೊಸ ತಂತ್ರಜ್ಞಾನ.

1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ವಿಲಿಸ್ ಕ್ಯಾರಿಯರ್ ರೂಪಿಸಿದ ವ್ಯವಸ್ಥೆಯಲ್ಲೇ ಬಾವಿಯ ತಣ್ಣೀರನ್ನು ಸುರುಳಿ ಕೊಳವೆಗಳಲ್ಲಿ ಹರಿಸಲಾಗಿತ್ತು. ನೀರು ಬಿಸಿಯನ್ನು ಚೆನ್ನಾಗಿ ಹೊರುತ್ತದೆ ಎನ್ನುವುದು ಎಂಜಿನಿಯರುಗಳಿಗೆ ಅಂದೇ ಗೊತ್ತಿತ್ತು. ಪ್ರಶ್ನೆ ಇರುವುದು ಬಿಸಿ ಹೊತ್ತ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆ ಎನ್ನುವಲ್ಲಿ.

ತಪ್ಪು ಕಲ್ಪನೆ: ನೀರು ಸ್ವಲ್ಪವೇ ಸಾಕು.

ಹೆಚ್ಚು ಜನ ಮೋಸಹೋಗುವುದು ಇಲ್ಲೇ. ಆದ್ದರಿಂದ ಲೆಕ್ಕವನ್ನೇ ಮಾಡಿಬಿಡೋಣ. ಒಂದು ಟನ್ ಎಸಿ ಕೋಣೆಯಿಂದ ಸುಮಾರು 3.5 ಕಿಲೋವ್ಯಾಟ್ ಬಿಸಿಯನ್ನು ಎಳೆಯುತ್ತದೆ. ಕಂಪ್ರೆಸರ್ ತಿನ್ನುವ ಸುಮಾರು ಒಂದು ಕಿಲೋವ್ಯಾಟ್ ವಿದ್ಯುತ್ತೂ ಕೊನೆಗೆ ಬಿಸಿಯೇ ಆಗುತ್ತದೆ. ಹೀಗೆ ನೀರು ಹೊರಬೇಕಾದದ್ದು 4.5 ಕಿಲೋವ್ಯಾಟ್. 25 ಡಿಗ್ರಿಯಲ್ಲಿ ಒಳಬಂದ ನೀರು 35 ಡಿಗ್ರಿಗೆ ಏರಿ ಹೊರಹೋಗುವುದಾದರೆ ಗಂಟೆಗೆ ಸುಮಾರು 390 ಲೀಟರ್ ಬೇಕು. ಎಂಟು ಗಂಟೆ ಪೂರ್ತಿ ಓಡಿದರೆ 3,100 ಲೀಟರ್, ಅಂದರೆ 6,000 ಲೀಟರ್ ಟ್ಯಾಂಕರಿನ ಅರ್ಧಕ್ಕಿಂತ ಹೆಚ್ಚು!

ರಾತ್ರಿ ಕಂಪ್ರೆಸರ್ ಆಗಾಗ ನಿಲ್ಲುತ್ತದೆ, ಅದರೊಂದಿಗೆ ನೀರಿನ ವಾಲ್ವೂ ಮುಚ್ಚಿಕೊಳ್ಳುತ್ತದೆ, ನಿಜ. ಅರ್ಧ ಹೊತ್ತು ಮಾತ್ರ ಓಡಿತೆಂದೇ ಹಿಡಿದರೂ 1,500 ಲೀಟರ್ ಮೀರುತ್ತದೆ. ನಗರಗಳಿಗೆ ನಮ್ಮ ದೇಶದಲ್ಲಿ ಇಟ್ಟುಕೊಂಡಿರುವ ಅಳತೆ ತಲೆಗೆ ದಿನಕ್ಕೆ 135 ಲೀಟರ್. ನಾಲ್ವರ ಸಂಸಾರದ ಸುಮಾರು ಮೂರು ದಿನದ ನೀರು ಒಂದೇ ಕೋಣೆಯ ಒಂದು ರಾತ್ರಿಯ ನಿದ್ದೆಗೆ ಹೋಯಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದದ್ದನ್ನು ನೆನಪಿಸಿಕೊಳ್ಳಿ. ಅಂಥ ಊರಿನಲ್ಲಿ ಕಾವೇರಿ ನೀರನ್ನು ಎಸಿಯ ಮೂಲಕ ಚರಂಡಿಗೆ ಬಿಡುವುದು ನನ್ನ ಮಟ್ಟಿಗೆ ಒಪ್ಪಲಾಗದ ಕೆಲಸ. ಹಸಿರು ಕಟ್ಟಡಗಳಿಗೆ ಮನ್ನಣೆ ಕೊಡುವ ಲೀಡ್ ಮಾನದಂಡದ ನಾಲ್ಕನೇ ಆವೃತ್ತಿಯೂ ಕುಡಿಯುವ ನೀರನ್ನು ಹೀಗೆ ಒಮ್ಮೆ ಹರಿಸಿ ಬಿಟ್ಟುಬಿಡುವುದನ್ನು ಒಪ್ಪುವುದಿಲ್ಲ.

ತಪ್ಪು ಕಲ್ಪನೆ: ಆ ನೀರನ್ನು ವಾಪಸ್ ಸಂಪ್‌ಗೆ ಬಿಟ್ಟರೆ ಒಂದು ಹನಿಯೂ ಹಾಳಾಗುವುದಿಲ್ಲ.

ನೀರು ಉಳಿಯುತ್ತದೆ, ಆದರೆ ಬಿಸಿಯೂ ಅಲ್ಲೇ ಉಳಿಯುತ್ತದೆ. 5,000 ಲೀಟರ್ ಸಂಪ್‌ಗೆ ಎಂಟು ಗಂಟೆಯ ಪೂರ್ತಿ ಬಿಸಿ ಸೇರಿದರೆ ನೀರು ಸುಮಾರು 6 ಡಿಗ್ರಿ ಏರುತ್ತದೆ. ಸುತ್ತಲ ಮಣ್ಣು ಆ ಬಿಸಿಯನ್ನು ಹೀರುವುದು ನಿಧಾನ. ಮರುದಿನ ಮತ್ತೆ ಅದೇ ಸೇರಿಕೆ. ನೀರು ಬಿಸಿಯಾದಷ್ಟೂ ಎಸಿ ತಿಣುಕುತ್ತದೆ, ಕರೆಂಟು ಹೆಚ್ಚು ತಿನ್ನುತ್ತದೆ. ಎಲ್ಲಕ್ಕಿಂತ ಮುಖ್ಯ, ಮನೆಯವರು ಬಳಸುವ ಸಂಪ್ ಬೆಚ್ಚಗೆ ನಿಂತರೆ ರೋಗಾಣುಗಳಿಗೆ ಅನುಕೂಲ. ಸ್ನಾನಕ್ಕೆ ಬಳಸಬಹುದಲ್ಲ ಎನ್ನುವವರಿದ್ದಾರೆ. ಎರಡು ಬಕೆಟ್ಟಿಗೆ ಆದೀತು, ಉಳಿದ ಸಾವಿರಾರು ಲೀಟರ್‌ಗೆ?

ಬಿಸಿ ಹೊತ್ತ ನೀರನ್ನು ಏನು ಮಾಡುವುದು ಎಂಬ ಸಮಸ್ಯೆಯನ್ನು ಟೊರಾಂಟೊ ನಗರ ಬೇರೆ ರೀತಿಯಲ್ಲಿ ಬಗೆಹರಿಸಿದೆ. ಅಲ್ಲಿ 2004ರಿಂದ ಒಂಟಾರಿಯೊ ಸರೋವರದ 83 ಮೀಟರ್ ಆಳದಿಂದ ಸುಮಾರು 4 ಡಿಗ್ರಿಯ ನೀರನ್ನು ತಂದು, ಅದರ ತಂಪನ್ನು ಮಾತ್ರ ಕಟ್ಟಡಗಳಿಗೆ ಕೊಟ್ಟು, ನೀರನ್ನು ಊರಿನ ಕುಡಿಯುವ ನೀರಿನ ಸರಬರಾಜಿಗೇ ಸೇರಿಸುತ್ತಾರೆ. ಹೇಗಿದ್ದರೂ ಊರಿಗೆ ಬೇಕಾದ ನೀರು ದಾರಿಯಲ್ಲಿ ಒಂದು ಕೆಲಸ ಹೆಚ್ಚಿಗೆ ಮಾಡಿತು. ಒಂದು ಮನೆಯ ಅಳತೆಯಲ್ಲಿ ಈ ಹೊಂದಾಣಿಕೆ ಸಾಧ್ಯವಿಲ್ಲ.

ತಪ್ಪು ಕಲ್ಪನೆ: ಹಾಗಾದರೆ ನೀರಿನ ಎಸಿಗಳೆಲ್ಲವೂ ನೀರು ಪೋಲು ಮಾಡುವಂಥವೇ.

ಇದೂ ಸರಿಯಲ್ಲ. ನೀರನ್ನು ಬಿಟ್ಟುಬಿಡದೆ, ಟೆರೇಸಿನ ಕೂಲಿಂಗ್ ಟವರ್‌ನಲ್ಲಿ ಒಂದಿಷ್ಟನ್ನು ಆವಿ ಮಾಡಿ ಉಳಿದದ್ದನ್ನು ತಣಿಸಿ ಮತ್ತೆ ಸುತ್ತಿಸಿದರೆ ಲೆಕ್ಕವೇ ಬೇರೆಯಾಗುತ್ತದೆ. ಅದೇ ಒಂದು ಟನ್ನಿಗೆ ಗಂಟೆಗೆ ಆವಿಯಾಗುವುದು 7 ಲೀಟರಿಗೂ ಕಡಿಮೆ. ಉಳಿದ ನೀರಿನಲ್ಲಿ ಲವಣ ಗಟ್ಟಿಯಾಗದಿರಲು ಆಗಾಗ ಹೊರಬಿಡುವ ಪಾಲು ಸೇರಿಸಿದರೂ ಎಂಟು ಗಂಟೆಗೆ 70–80 ಲೀಟರ್. 3,100 ಎಲ್ಲಿ, 80 ಎಲ್ಲಿ! ಅಮೆರಿಕದ ಎಷ್ಟೋ ಬಹುಮಹಡಿ ವಸತಿಗಳಲ್ಲಿ ಇಡೀ ಕಟ್ಟಡಕ್ಕೆ ಒಂದೇ ನೀರಿನ ಸುತ್ತು ಇರುತ್ತದೆ, ಮನೆಮನೆಯ ಯಂತ್ರಗಳು ಅದಕ್ಕೆ ಬಿಸಿ ಕೊಡುತ್ತವೆ. ಹಾಂಗ್‌ಕಾಂಗ್ ಸರ್ಕಾರ 2000ದಲ್ಲಿ ದೊಡ್ಡ ಕಟ್ಟಡಗಳ ಕೂಲಿಂಗ್ ಟವರ್‌ಗಳಿಗೆ ಸಿಹಿನೀರು ಬಳಸಲು ಪ್ರಾಯೋಗಿಕ ಯೋಜನೆ ತಂದದ್ದೂ ವಿದ್ಯುತ್ ಉಳಿತಾಯಕ್ಕಾಗಿಯೇ. ನಮ್ಮ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಎಸ್‌ಟಿಪಿಯಿಂದ (ಕೊಳಚೆ ನೀರಿನ ಶುದ್ಧೀಕರಣ ಘಟಕದಿಂದ) ಬರುವ ನೀರು ಫ್ಲಶ್‌ಗೂ ಗಿಡಗಳಿಗೂ ಆಗಿ ಮಿಗುತ್ತದೆ. ಅದನ್ನು ಇನ್ನೊಂದು ಹಂತ ಶುದ್ಧಮಾಡಿ ಟವರ್‌ಗೆ ಕೊಡುವ ಯೋಚನೆಯನ್ನು ಹೊಸ ಕಟ್ಟಡ ಕಟ್ಟುವವರು ನಕ್ಷೆಯ ಹಂತದಲ್ಲೇ ಮಾಡಬೇಕು. ಕಟ್ಟಿ ಮುಗಿದ ಮೇಲೆ ಪೈಪ್ ಎಳೆಯುವುದು ಬಲು ಕಷ್ಟ.

ತಪ್ಪು ಕಲ್ಪನೆ: ಕರೆಂಟ್ ಬಿಲ್ ಅರ್ಧಕ್ಕಿಳಿಯುತ್ತದೆ.

ಇಳಿಯಬಹುದು, ಆದರೆ ಎಷ್ಟು ಎನ್ನುವುದು ಒಳಬರುವ ನೀರಿನ ತಾಪದ ಮೇಲಿದೆ. ಹೊರಗೆ 40 ಡಿಗ್ರಿ ಇದ್ದು ನೀರು 25 ಇದ್ದರೆ ಲಾಭ ಖಂಡಿತ. ಏಪ್ರಿಲ್ ಮಧ್ಯಾಹ್ನ ಟೆರೇಸಿನ ಕಪ್ಪು ಟ್ಯಾಂಕಿನ ನಲ್ಲಿ ತಿರುಗಿಸಿದರೆ ಕೈ ಸುಡುತ್ತದೆ. ಆ ನೀರಿನಿಂದ ಯಾವ ಲಾಭವೂ ಇಲ್ಲ. ಪಂಪಿನ ಖರ್ಚೂ ಬಿಲ್ಲಿಗೇ ಸೇರುತ್ತದೆ. ಬೋರ್‌ವೆಲ್ ನೀರಿನ ಗಡಸುತನ ಬೇರೆ. ನೀರು ಬಿಸಿಯಾದಂತೆ ಸುಣ್ಣದ ಅಂಶ ಕೊಳವೆಯೊಳಗೆ ಪದರಗಟ್ಟಿ ಬಿಸಿ ದಾಟುವುದನ್ನು ತಡೆಯುತ್ತದೆ. ಗೀಸರ್‌ನ ಕಾಯಿಲ್ ಬಿಚ್ಚಿ ನೋಡಿದವರಿಗೆ ಇದು ಗೊತ್ತು.

ತಪ್ಪು ಕಲ್ಪನೆ: ಹೊರಗೆ ಯೂನಿಟ್ ಇಲ್ಲ, ಹಾಗಾಗಿ ಸದ್ದೂ ಇಲ್ಲ.

ಸದ್ದು ಮಾಡುವ ಕಂಪ್ರೆಸರ್ ಈಗ ಮನೆಯೊಳಗಿದೆ. ಮಲಗುವ ಕೋಣೆಯ ಗೋಡೆಗೆ ಹಾಕಿಸುವ ಮುನ್ನ ಓಡಿಸಿ ಕೇಳಿ.

ತಪ್ಪು ಕಲ್ಪನೆ: ನೀರಿನ ಎಸಿಯಿಂದ ನ್ಯುಮೋನಿಯಾ ಬರುತ್ತದೆ.

ಈ ಭಯಕ್ಕೆ ಮೂಲವಿದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಸೇರಿದ್ದ ಮಾಜಿ ಸೈನಿಕರಲ್ಲಿ ಹಲವರು ವಿಚಿತ್ರ ನ್ಯುಮೋನಿಯಾದಿಂದ ತೀರಿಕೊಂಡರು. ಮರುವರ್ಷ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಅದು ಬೆಚ್ಚನೆ ನೀರಿನಲ್ಲಿ ಬೆಳೆದು, ಗಾಳಿಯಲ್ಲಿ ತೇಲುವ ಸೂಕ್ಷ್ಮ ಹನಿಗಳ ಮೂಲಕ ಶ್ವಾಸಕೋಶ ಸೇರುತ್ತದೆ. ಮುಚ್ಚಿದ ಪೈಪಿನಲ್ಲಿ ಹರಿಯುವ ನೀರಿನಿಂದ ಹನಿ ಹಾರುವುದಿಲ್ಲ. ಅಪಾಯವಿರುವುದು ನಿರ್ವಹಣೆ ಇಲ್ಲದ ಕೂಲಿಂಗ್ ಟವರ್‌ನಲ್ಲಿ. ಅದನ್ನು ನಿಯಮಿತವಾಗಿ ತೊಳೆದು ಔಷಧ ಹಾಕಿಸಲು ಆಗದ ಸಂಘಗಳು ಟವರ್ ಕಟ್ಟಿಸಲೇಬಾರದು.

ಒಂಟಿ ಫ್ಲಾಟಿನವರಿಗೆ ಬೇರೆ ದಾರಿಗಳಿವೆ. ಕಿಟಕಿ ಎಸಿ, ಸಂಘ ಒಪ್ಪಿದರೆ ಗೋಡೆಗೆ ಎರಡು ರಂಧ್ರ ಕೊರೆದು ಗಾಳಿಯಿಂದಲೇ ತಂಪಾಗುವ ಒಂದೇ ಪೆಟ್ಟಿಗೆಯ ಎಸಿ, ಮೇಲಿನ ಮಹಡಿಯಾದರೆ ಟೆರೇಸಿನವರೆಗೆ ಪೈಪ್ ಎಳೆದ ಸ್ಪ್ಲಿಟ್ ಎಸಿ. ಅಷ್ಟಾದರೂ ನೀರಿನ ಎಸಿಯೇ ಬೇಕೆನಿಸಿದರೆ ಅಂಗಡಿಯವರನ್ನು ಎರಡು ಮಾತು ಕೇಳಿ: ಗಂಟೆಗೆ ಎಷ್ಟು ಲೀಟರ್ ನೀರು ಬೇಕು, ಆ ನೀರು ಸುತ್ತುತ್ತದೆಯೋ ಹರಿದುಹೋಗುತ್ತದೆಯೋ? ಉತ್ತರವನ್ನು ಬರೆದು ಕೊಡದಿದ್ದರೆ ಕೊಳ್ಳಬೇಡಿ. ಹರಿದುಹೋಗುತ್ತದೆ ಎಂದು ಬರೆದುಕೊಟ್ಟರಂತೂ ಖಂಡಿತ ಬೇಡ.