ಸಬ್ಬಸಿಗೆ ಸೊಪ್ಪಿನ ವಡೆ

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಸಂಜೆಯ ಹೊತ್ತು ಬೀದಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಕಾದ ಬಾಣಲೆಯ ಮುಂದೆ ನಿಂತು ವಡೆ ಕರಿಯುವವರನ್ನು ನಾವು ಹಸಿದ ಕಣ್ಣಿನಿಂದ ನೋಡುವುದೇ ಹೆಚ್ಚು. ಸಬ್ಬಸಿಗೆಯಂತಹ ಸುಕುಮಾರವಾದ ಸೊಪ್ಪಿನ ಪರಿಮಳವನ್ನು ಎಣ್ಣೆಯ ಉರಿತಾಪದಿಂದ ಪಾರುಮಾಡಿ ತಿನ್ನುವವರ ನಾಲಗೆಗೆ ಮುಟ್ಟಿಸುವ ಅವರ ವಿದ್ಯೆಯನ್ನು ಗಮನಿಸುವವರು ವಿರಳ.

ಕೊತ್ತಂಬರಿ, ಜೀರಿಗೆ, ಓಮಗಳ ವಂಶಕ್ಕೆ ಸೇರಿದ ಈ ಸೊಪ್ಪಿನ ಸೌರಭವು ಅದರೊಳಗಿನ ಬಾಷ್ಪಶೀಲ ತೈಲದಿಂದ ಬರತಕ್ಕದ್ದು. ಬಾಷ್ಪಶೀಲವಾದುದರಿಂದ ತಾಪಕ್ಕೆ ಹಾರಿಹೋಗುತ್ತದೆ. ತೈಲವಾದುದರಿಂದ ಕರಿಯುವ ಎಣ್ಣೆಯಲ್ಲೇ ಕರಗಿಹೋಗುತ್ತದೆ. ನೂಲಿನೆಳೆಯಂತಹ ಆ ಎಲೆಯನ್ನು ಬರಿದಾಗಿ ಎಣ್ಣೆಗೆ ಹಾಕಿದರೆ ಕ್ಷಣದಲ್ಲಿ ಅದು ಕಪ್ಪಾಗಿ ನಿಸ್ಸಾರವಾಗುವುದು. ಅದಕ್ಕೆ ಕವಚವಾಗಿ ಒದಗುವುದು ಕಡಲೆಬೇಳೆಯ ಹಿಟ್ಟು.

ಎರಡು ಮೂರು ಗಂಟೆ ನೆನೆದ ಬೇಳೆಯ ನೀರು ಪೂರ್ತಿ ಸೋರಿದ ಮೇಲೆ, ಹಿಡಿಯಷ್ಟನ್ನು ಇಡಿಯಾಗಿ ತೆಗೆದಿರಿಸಿ, ಉಳಿದುದನ್ನು ಹಸಿಮೆಣಸಿನಕಾಯಿ, ಶುಂಠಿಗಳೊಡನೆ ನೀರು ಸೋಕಿಸದೆ ತರಿತರಿಯಾಗಿ ರುಬ್ಬಿ, ತೆಗೆದಿರಿಸಿದ ಬೇಳೆಯನ್ನು ಅದಕ್ಕೆ ಬೆರಸಬೇಕು. ನುಣ್ಣಗಾದ ಹಿಟ್ಟು ಬಿಗಿದುಕೊಂಡು ಒಳಗೆ ಹಸಿಯಾಗಿ ಉಳಿಯುತ್ತದೆ. ತರಿಯಾದ ಹಿಟ್ಟಿನ ಸಂದುಗಳಲ್ಲಾದರೋ ಉಗಿ ಸಂಚರಿಸುತ್ತದೆ, ಸೊಪ್ಪು ಆ ಉಗಿಯಲ್ಲಿಯೇ ಬೇಯುತ್ತದೆ. ಸೊಪ್ಪನ್ನು ಮೊದಲೇ ತೊಳೆದು, ಬಟ್ಟೆಯ ಮೇಲೆ ಹರವಿ ಒಣಗಲು ಬಿಟ್ಟು, ಬಾಣಲೆ ಕಾದ ಮೇಲೆಯೇ ಹೆಚ್ಚಿ, ಉಪ್ಪಿನೊಡನೆ ಕಟ್ಟಕಡೆಗೆ ಬೆರಸುವುದು ಬಲ್ಲವರ ಕ್ರಮ. ಅದೂ ಒಂದು ಒಬ್ಬೆಗೆ ಸಾಕಾಗುವಷ್ಟು ಹಿಟ್ಟಿಗೆ ಮಾತ್ರ. ಏಕೆಂದರೆ ಉಪ್ಪು ಸೊಪ್ಪಿನ ನೀರನ್ನು ಸೆಳೆಯುತ್ತದೆ, ಹಿಟ್ಟು ಸಡಿಲವಾಗುತ್ತದೆ, ಸಡಿಲವಾದ ವಡೆ ಎಣ್ಣೆಯಲ್ಲಿ ಒಡೆಯುತ್ತದೆ. ಉರಿ ಹದವಾಗಿರಬೇಕು. ಒಳಗಿನ ನೀರು ಉಗಿಯಾಗಿ ಹೊರನುಗ್ಗುತ್ತಿರುವವರೆಗೆ ಎಣ್ಣೆಗೆ ಒಳಹೋಗಲು ಎಡೆಯಿಲ್ಲ. ವಡೆಯ ಸುತ್ತಣ ಗುಳ್ಳೆಗಳು ತಗ್ಗಿ ಸದ್ದು ಇಳಿದಾಗ ಎತ್ತಬೇಕೆಂಬುದನ್ನು ಕರಿಯುವವರು ಕಿವಿಯಿಂದಲೇ ತಿಳಿಯುತ್ತಾರೆ. ಹೀಗೆ ಎತ್ತಿದ ವಡೆಯನ್ನು ಮುರಿದರೆ ಹೊರಗಣ ಸೊಪ್ಪು ಗರಿಗರಿಯಾಗಿ ಕಂದಿದ್ದರೂ ಒಳಗಿನದು ಇನ್ನೂ ಹಸುರಾಗಿರುವುದು.

ಎಲ್ಲ ಸೊಪ್ಪಿಗೂ ಇದೇ ನಿಯಮವಲ್ಲ. ಕರಿಬೇವು ಗಟ್ಟಿಜೀವದ್ದು, ಒರಟಾಗಿ ಹರಿದು ಹಾಕಿದರೂ ತನ್ನ ಗುಣವನ್ನು ಬಿಟ್ಟುಕೊಡದು. ಮಾಂಸಲವಾದ ದೊಡ್ಡಪತ್ರೆಯ ಎಲೆಯನ್ನು ಇಡಿಯಾಗಿಯೇ ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡುವರು. ಅದರ ಓಮದಂತಹ ಘಾಟು ಎಣ್ಣೆಯಲ್ಲಿ ಮೆತ್ತಗಾಗಿ ಹಿತವಾಗುತ್ತದೆ. ಇವೆರಡೂ ರುಚಿಯಾದುವೇ, ಆದರೆ ಕರಿಯುವವನ ಕೈಯನ್ನು ನಿಜವಾಗಿ ಪರೀಕ್ಷಿಸುವುದು ಸಬ್ಬಸಿಗೆಯೇ ಎಂದು ನನ್ನ ಭಾವನೆ. ಬಾಡಿದ ಸೊಪ್ಪನ್ನು ಹಾಕಿ, ಅದರ ಕೊರತೆಯನ್ನು ಇಂಗು, ಗರಂ ಮಸಾಲೆಗಳಿಂದ ಮುಚ್ಚುವ ಪರಿಪಾಠವು ಈಚೆಗೆ ಹೆಚ್ಚುತ್ತಿರುವುದು ವ್ಯಸನಕರವಾದುದು. ಇಂಗು ಒಂದು ಚಿಟಿಕೆ ಮೀರಿದರೆ ಸೊಪ್ಪಿನ ದನಿ ಕೇಳಿಸದು.

ಮಾಗಿಯಲ್ಲಿ ಅವರೆಕಾಯಿ ಬಂದಾಗ ಈ ವಡೆಗೆ ಉತ್ಕೃಷ್ಟವಾದ ಕಾಲ. ಬೆಂಗಳೂರಿನ ವಿಶ್ವೇಶ್ವರಪುರದ ತಿಂಡಿಬೀದಿಯಲ್ಲಿ ಆ ದಿನಗಳಲ್ಲಿ ಅವರೆಯ ತಿನಿಸುಗಳದೇ ರಾಜ್ಯ. ಹಿದಕಿದ ಬೇಳೆಯನ್ನು ಕಡಲೆಬೇಳೆಯೊಡನೆ ಸೇರಿಸಿದ ವಡೆಯಲ್ಲಿ ಅವರೆಯ ಸೊಗಡೂ ಸಬ್ಬಸಿಗೆಯ ಗಂಧವೂ ಒಂದನ್ನೊಂದು ಎತ್ತಿಹಿಡಿಯುತ್ತವೆ. ಅಲ್ಲಿಗೆ ಹೋದವರು ತಟ್ಟೆಯಲ್ಲಿ ರಾಶಿಹಾಕಿದ ವಡೆಗೆ ಕೈಚಾಚದೆ, ಮುಂದಿನ ಒಬ್ಬೆ ಏಳುವವರೆಗೆ ನಿಲ್ಲುವುದು ಲೇಸು. ಆರಿದ ವಡೆಯಲ್ಲಿ ಬೇಳೆ ಉಳಿದಿರುತ್ತದೆ, ಸೊಪ್ಪಿನ ಕಂಪು ಹೋಗಿರುತ್ತದೆ.