ಲಿವರ್ ಶಸ್ತ್ರಚಿಕಿತ್ಸೆಯ ನಂತರ ಕಿಮೋ ಬೇಕೇ?

ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೆ, ಅಂದರೆ ಲಿವರ್‌ಗೆ ಹರಡಿದೆ ಎಂದು ತಿಳಿದೊಡನೆ ಅನೇಕ ಕುಟುಂಬಗಳು ಕೈಚೆಲ್ಲುತ್ತವೆ. ಇದು ಸರಿಯಲ್ಲ. ಕೆಲವು ರೋಗಿಗಳಲ್ಲಿ ಹರಡಿದ ಗಡ್ಡೆಗಳನ್ನೂ ಪೂರ್ತಿಯಾಗಿ ತೆಗೆಯಬಹುದು.

ದೊಡ್ಡ ಕರುಳಿನ ಬಹುಪಾಲು ರಕ್ತ ಮೊದಲು ಹರಿದುಹೋಗುವುದು ಯಕೃತ್ತಿಗೆ. ಗಡ್ಡೆಯಿಂದ ಕಳಚಿದ ಕಣಗಳು ಅಲ್ಲಿಯೇ ನೆಲೆಯೂರುತ್ತವೆ. ಆದರೆ ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿಯಿದೆ. ಆರೋಗ್ಯವಾಗಿದ್ದರೆ ಅದರ ಶೇ. 70ರಷ್ಟನ್ನು ತೆಗೆದರೂ ಉಳಿದ ಭಾಗ ಬೆಳೆದು ಕೆಲಸ ತೂಗಿಸುತ್ತದೆ.

‘ಎಲ್ಲ ತೆಗೆದಾಯಿತಲ್ಲ ಡಾಕ್ಟ್ರೇ, ಇನ್ನು ಕಿಮೋ ಯಾಕೆ?’ ಮಿರ್ಲೆ, ಸಾಲಿಗ್ರಾಮದ ಕಡೆಯವರೂ ಕೇಳುವ ಪ್ರಶ್ನೆ ಇದು. ಹೊಲದ ಕಳೆ ಕಿತ್ತರೂ ಮಣ್ಣಿನಲ್ಲಿ ಬೀಜ ಉಳಿಯುವಂತೆ, ಸ್ಕ್ಯಾನ್‌ಗೆ ಕಾಣದ ಕಣಗಳು ಉಳಿದಿರಬಹುದು. ಶಸ್ತ್ರಚಿಕಿತ್ಸೆಯಾದ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ರೋಗ ಮರುಕಳಿಸುತ್ತದೆ. ಆದ್ದರಿಂದಲೇ 5-ಫ್ಲೋರೋಯುರಾಸಿಲ್, ಆಕ್ಸಾಲಿಪ್ಲಾಟಿನ್ ಮುಂತಾದ ಔಷಧಿಗಳನ್ನು ಜೊತೆಗೂಡಿಸಿ ಕೊಡುತ್ತಾರೆ.

ಇದರಿಂದ ಲಾಭವೆಷ್ಟು? ಜಪಾನಿನಲ್ಲಿ 300 ರೋಗಿಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಐದು ವರ್ಷ ರೋಗ ಮರುಕಳಿಸದೆ ಇದ್ದವರು ಕಿಮೋ ಪಡೆದವರಲ್ಲಿ ಸುಮಾರು ಶೇ. 50, ಪಡೆಯದವರಲ್ಲಿ ಶೇ. 39. ಆದರೆ ಆಯುಸ್ಸು ಹೆಚ್ಚಲಿಲ್ಲ; ಐದು ವರ್ಷ ಬದುಕುಳಿದವರು ಕ್ರಮವಾಗಿ ಶೇ. 71 ಮತ್ತು ಶೇ. 83. ಈ ಎರಡನೆಯ ವ್ಯತ್ಯಾಸ ಆಕಸ್ಮಿಕವೂ ಇರಬಹುದು. ನ್ಯೂಯಾರ್ಕಿನಲ್ಲಿ ಪಂಪ್ ಅಳವಡಿಸಿ, ಯಕೃತ್ತಿನ ರಕ್ತನಾಳಕ್ಕೇ ಔಷಧಿ ಹರಿಸಿ, ಜೊತೆಗೆ ಮಾಮೂಲಿ ಕಿಮೋವನ್ನೂ ಕೊಟ್ಟು ನೋಡಿದರು. 156 ರೋಗಿಗಳ ಈ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಎರಡು ವರ್ಷ ಬದುಕಿದವರು ಪಂಪ್ ಇದ್ದವರಲ್ಲಿ ಶೇ. 86, ಮಾಮೂಲಿ ಕಿಮೋ ಮಾತ್ರ ಪಡೆದವರಲ್ಲಿ ಶೇ. 72. ಇದಕ್ಕೆ ವಿಶೇಷ ಪರಿಣತಿ ಬೇಕು, ಎಲ್ಲೆಡೆ ಸಿಗುವಂಥದ್ದಲ್ಲ.

ಆದ್ದರಿಂದ ಕಿಮೋ ಎಲ್ಲರಿಗೂ ಕಡ್ಡಾಯವೂ ಅಲ್ಲ, ವ್ಯರ್ಥವೂ ಅಲ್ಲ. ಎಷ್ಟು ಗಡ್ಡೆಗಳಿದ್ದವು, ಮೊದಲೇ ಕಿಮೋ ಆಗಿದೆಯೇ, ರೋಗಿಯ ತ್ರಾಣವೆಷ್ಟು ಎಂಬುದನ್ನು ನೋಡಿ ತಜ್ಞರು ನಿರ್ಧರಿಸುತ್ತಾರೆ. ‘ನಮ್ಮವರಿಗೆ ಇದರಿಂದ ಏನು ಲಾಭ, ಏನು ತೊಂದರೆ?’ ಎಂದು ಸಂಕೋಚವಿಲ್ಲದೆ ಕೇಳಿ. ಹೊಲ ಮಾರುವ ಮುನ್ನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ಇದರಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ನೆರವಿದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲೂ ಸಲಹೆ ಪಡೆಯಬಹುದು.

ಕಿಮೋ ನಡೆಯುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಿಳಿ ರಕ್ತಕಣಗಳು ಕುಗ್ಗಿದಾಗ ಸೋಂಕು ಪ್ರಾಣಕ್ಕೇ ಎರವಾಗಬಹುದು. ಬೆರಳುಗಳು ಜೋಮು ಹಿಡಿದರೆ, ಭೇದಿ ನಿಲ್ಲದಿದ್ದರೆ ವೈದ್ಯರಿಗೆ ತಿಳಿಸಿ. ಔಷಧಿಯ ಪ್ರಮಾಣ ಬದಲಿಸಬಹುದು. ಆಕ್ಸಾಲಿಪ್ಲಾಟಿನ್ ಪಡೆದ ಬಳಿಕ ಕೆಲವು ದಿನ ತಣ್ಣೀರು ಕುಡಿಯಬಾರದು. ನಾಟಿ ಔಷಧಿ ಕೊಡುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ.

ಕಿಮೋ ಬೇಡವೆಂದು ನಿರ್ಧಾರವಾದರೂ ತಪಾಸಣೆ ಬಿಡುವಂತಿಲ್ಲ. ವೈದ್ಯರು ಹೇಳಿದ ಅವಧಿಗೆ ಸಿಇಎ ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿಸಿ. ಮರುಕಳಿಸಿದ ಗಡ್ಡೆ ಚಿಕ್ಕದಿರುವಾಗಲೇ ಸಿಕ್ಕರೆ ಮತ್ತೊಮ್ಮೆ ತೆಗೆಯಲು ಸಾಧ್ಯವಾಗಬಹುದು.